ಶೂನ್ಯಸುತ್ತಿನ ಮೀಮಾಂಸೆ: ಸೇಡಂ ಸೀಮೆಯ ಫ್ಯಾನುಗಳನ್ನು ಕುರಿತು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂಬ ಪಂಚಕ್ಷೇತ್ರಗಳಲ್ಲಿ ಎಲ್ಲಿಯಾದರೂ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ‘ಸೆನ್ಸರ್ಸ್’ ಎಂಬ ಆಜ್ಞೆ ಕೊಟ್ಟರೆ, ಗುಂಯ್ ಎಂದು ತಿರುಗುತ್ತಿರುವ ಫ್ಯಾನಿನ ಹೆಸರಿನ ಮುಂದೆ ‘0 ಆರ್‌ಪಿಎಂ’ ಎಂದು ಬರುವುದುಂಟು. ಫ್ಯಾನು ಸತ್ತಿತೆಂದು ಪಾಮರರು ತಿಳಿಯುತ್ತಾರೆ. ಆ ಸೊನ್ನೆ ಫ್ಯಾನಿನದಲ್ಲ, ಎಣಿಸುವವನದು ಎಂಬುದೇ ಈ ಪ್ರಬಂಧದ ಪ್ರತಿಜ್ಞೆ. ತೀರ್ಪಿಗಾಗಿ ದೂರ ಹೋಗಬೇಕಿಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತ ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಇದ್ದ ಹಾಗೇ ಉಳಿಯುತ್ತದೆ ಎಂದಿದ್ದಾನೆ.

ಮೊದಲು ಪ್ರಮಾಣ. ಫ್ಯಾನಿನ ಮೂರನೆಯ ತಂತಿ ಸುತ್ತಿಗೆ ಎರಡು ಮಿಡಿತ ಕಳಿಸುತ್ತದೆ. ಮದರ್‌ಬೋರ್ಡಿನ ಡಬ್ಲ್ಯು83781ಡಿಯಂಥ ಚಿಪ್ಪು ಆ ಸುತ್ತುಗಳನ್ನು ಎಣಿಸುವುದೇ ಇಲ್ಲ. ಒಂದು ಸುತ್ತು ಮುಗಿಯುವಷ್ಟರಲ್ಲಿ ಸೆಕೆಂಡಿಗೆ 22,500 ಸಲ ಬಡಿಯುವ ತನ್ನ ಗಡಿಯಾರ ಎಷ್ಟು ಬಡಿಯಿತೆಂದು ನೋಡುತ್ತದೆ. ಚಿಪ್ಪನ್ನು ಓದುವ ಲಿನಕ್ಸಿನ ತಂತ್ರಾಂಶವಾದ ಡ್ರೈವರ್, ಆ ಗಡಿಯಾರ ನಿಮಿಷಕ್ಕೆ ಬಡಿಯುವ 13,50,000ವನ್ನು ಆ ಎಣಿಕೆಯಿಂದಲೂ ‘ಡಿವ್’ ಎಂಬ ಭಾಜಕದಿಂದಲೂ ಭಾಗಿಸಿ ವೇಗ ಹೇಳುತ್ತದೆ. ಎಣಿಕೆಯ ಪಾತ್ರೆ ಎಂಟು ಬಿಟ್ಟಿನದು, 255ಕ್ಕೆ ತುಂಬಿತು. ನಿಮಿಷಕ್ಕೆ 1,200 ಸುತ್ತುವ ಫ್ಯಾನಿಗೆ ಭಾಜಕ 2 ಇದ್ದರೆ ಎಣಿಕೆ 562 ಆಗಬೇಕು. ಹಿಡಿಸದೆ 255ಕ್ಕೆ ನಿಲ್ಲುತ್ತದೆ. 255 ಕಂಡರೆ ಸೊನ್ನೆ ಎನ್ನಬೇಕೆಂಬುದು ಡ್ರೈವರಿನ ಸೂತ್ರ. ಸೇರು ತುಂಬಿ ಚೆಲ್ಲಿದ್ದಕ್ಕೆ ಅಡತಿ ಅಂಗಡಿಯ ಗುಮಾಸ್ತ ‘ತೊಗರಿ ಬಂದಿಲ್ಲ’ ಎಂದು ಖಾತೆಗೆ ಬರೆದ ಹಾಗೆ!

ಎಣಿಕೆಯೇ ಸೊನ್ನೆಯಾದರೆ? ಇಲ್ಲಿ ಎರಡು ಮತಗಳಿವೆ. ಮಾನ್ಯಖೇಟ ಮತದಂತೆ ಭಾಜ್ಯ ಹಾಗೇ ಉಳಿದು, ಫ್ಯಾನು ನಿಮಿಷಕ್ಕೆ 13,50,000 ಸುತ್ತು ಹೊಡೆದು ಡಬ್ಬಿ ಸಮೇತ ಚಿಂಚೋಳಿ ಕಾಡಿಗೆ ಹಾರಬೇಕು. ಡ್ರೈವರ್ ಮತದಂತೆ ಉತ್ತರ ‘-1’. ಅಂದರೆ ಫ್ಯಾನು ಒಂದು ಸುತ್ತು ಸಾಲ ಮಾಡಿಕೊಂಡಿದೆ. ಮೊದಲನೆಯದರಲ್ಲಿ ಔದಾರ್ಯ ಹೆಚ್ಚು, ಎರಡನೆಯದರಲ್ಲಿ ಎಚ್ಚರ ಹೆಚ್ಚು. ಫ್ಯಾನನ್ನು ಕಣ್ಣಾರೆ ನೋಡದಿರುವುದರಲ್ಲಿ ಎರಡಕ್ಕೂ ಭೇದವಿಲ್ಲ.

ಪೂರ್ವಪಕ್ಷ: ಇದು ವಾಡಿಯ ಸಿಮೆಂಟು, ಶಹಾಬಾದಿನ ಫರಸಿ ಕಲ್ಲಿನ ಧೂಳಿನ ಕೆಲಸ, ರೆಕ್ಕೆಗೆ ಮೆತ್ತಿ ಫ್ಯಾನನ್ನು ನಿಧಾನ ಮಾಡುತ್ತದೆ. ನಿಧಾನ ಮಾಡುತ್ತದೆ, ಒಪ್ಪೋಣ. ಆದರೆ ಅದೇ ಫ್ಯಾನನ್ನು ಒರೆಸಿ, ಬೆಂಗಳೂರಿಗೆ ಒಯ್ದು, ಎ.ಸಿ. ಕೋಣೆಯಲ್ಲಿ 1,500 ಸುತ್ತಿಗೆ ಏರಿಸಿದರೂ ಎಣಿಕೆ 450, ಅಲ್ಲಿಯೂ ಸೊನ್ನೆಯೇ. ಆದ್ದರಿಂದ ಧೂಳು ಈ ಆಪಾದನೆಯಿಂದ ಮುಕ್ತ. ಹೊಸ ಚಿಪ್ಪುಗಳಲ್ಲಿ ಹದಿನಾರು ಬಿಟ್ಟಿನ ಪಾತ್ರೆ ಇದೆಯಲ್ಲ ಎಂದರೆ, ಪಾತ್ರೆ ದೊಡ್ಡದಾಯಿತೇ ಹೊರತು ಚೆಲ್ಲಿದ್ದನ್ನು ಸೊನ್ನೆ ಎನ್ನುವ ನ್ಯಾಯ ಬದಲಾಗಲಿಲ್ಲ. ಫ್ಯಾನು ನಿಜಕ್ಕೂ ನಿಂತಿದ್ದರೂ ಸೊನ್ನೆಯೇ ಬರುತ್ತದಲ್ಲವೇ ಎಂಬುದು ಕೊನೆಯ ಆಕ್ಷೇಪ. ಬರುತ್ತದೆ; ಇದೇ ನಮ್ಮ ವಾದಕ್ಕೆ ಬಲ. ನಿಂತವನಿಗೂ ನಿಧಾನಿಗೂ ಒಂದೇ ಅಂಕ ಕೊಡುವ ಪರೀಕ್ಷಕನ ಮಾತು ಯಾರೊಬ್ಬರ ಮೇಲೂ ಸಾಕ್ಷಿಯಾಗದು.

ಸಿದ್ಧಾಂತ: ‘ಫ್ಯಾನ್1_ಡಿವ್’ ಕಡತಕ್ಕೆ 8 ಎಂದು ಬರೆಯತಕ್ಕದ್ದು. ಆಗ ನಮ್ಮ 1,200ರ ಫ್ಯಾನಿನ ಎಣಿಕೆ 140ಕ್ಕೆ ಇಳಿದು, ಪರದೆಯ ಮೇಲೆ 1,205 ಎಂದು ಬರುತ್ತದೆ; ಐದು ಸುತ್ತು ಡ್ರೈವರಿನ ದಾನ. ಆಮೇಲೂ ಸೊನ್ನೆಯೇ ಬಂದರೆ ಡಬ್ಬಿ ಬಿಚ್ಚಿ ನೋಡಲಿ. ಅಲ್ಲಿಯವರೆಗೆ ಹೊಸ ಫ್ಯಾನಿನ ಬಿಲ್ಲು ಪಾಸು ಮಾಡುವುದು ಶಾಸ್ತ್ರಸಮ್ಮತವಲ್ಲ.