ಆಲ್ಪ್ಸ್ ಆರೋಹಣ ಯೋಜನಾ ಮೀಮಾಂಸೆ: ಪೂರ್ವಪಕ್ಷ, ಸಿದ್ಧಾಂತ ಸಹಿತ

ಯಾವ ಶಾಸ್ತ್ರವನ್ನೇ ತೊಡಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ಈ ಶಾಸ್ತ್ರದ ವಿಷಯ, ಯುರೋಪಿನ ಆಲ್ಪ್ಸ್ ಪರ್ವತಗಳನ್ನು ಹತ್ತುವುದಕ್ಕೆ ಮುಂಚೆ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಹತ್ತುವುದು. ಪ್ರಯೋಜನ ಇನ್ನೂ ಚರ್ಚೆಯಲ್ಲಿದೆ. ಸಂಬಂಧ, ನಕ್ಷೆಗೂ ಬೆಟ್ಟಕ್ಕೂ ಇರುವಂಥದ್ದು. ಅಂದರೆ ಮಾತುಕತೆ ನಿಂತು ಕೆಲವು ವರ್ಷಗಳಾಗಿವೆ. ಅಧಿಕಾರಿ ಯಾರೆಂದರೆ, ರಾತ್ರಿ ಮೂರು ಗಂಟೆಗೆ ಎದ್ದು ಒಣ ಬ್ರೆಡ್ಡು ನುಂಗಬಲ್ಲವನು. ಶಮದಮಾದಿ ಸದ್ಗುಣಗಳು ಅವನಿಗೆ ಕಡ್ಡಾಯವಲ್ಲ, ಆ ಹೊತ್ತಿನಲ್ಲಿ ಅವು ಎದ್ದಿರುವುದೂ ಇಲ್ಲ.

ಶಿಖರವೆಂದರೇನು? ಆಲ್ಪ್ಸ್‌ನಲ್ಲಿ 4,000 ಮೀಟರ್ ಮೀರಿದವು 82 ಎಂದು ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟ 1994ರಲ್ಲಿ ಎಣಿಸಿ ಕೈತೊಳೆದುಕೊಂಡಿತು. ಪಕ್ಕದ ತಗ್ಗಿಗಿಂತ ಕನಿಷ್ಠ 30 ಮೀಟರ್ ತಲೆಯೆತ್ತಿರಬೇಕೆಂಬುದು ಲಕ್ಷಣ. ಅಷ್ಟು ಎತ್ತದಿದ್ದರೂ ರೂಪ ಚೆನ್ನಾಗಿದ್ದರೆ, ಅಥವಾ ಹತ್ತುವವರಿಗೆ ಅದರ ಮೇಲೆ ಮಮತೆಯಿದ್ದರೆ, ಸೇರಿಸಿಕೊಳ್ಳಬಹುದೆಂಬುದು ಅಪವಾದ. ಲಕ್ಷಣಕ್ಕಿಂತ ಅಪವಾದ ಗಟ್ಟಿಯಾಗುವುದು ಶಾಸ್ತ್ರ ಪ್ರೌಢವಾಗಿರುವುದರ ಗುರುತು. ಇನ್ನು ಎತ್ತರದ ವಿಚಾರ. ಮಾಂಟ್ ಬ್ಲಾಂಕ್‌ನ ತುದಿ ಬಂಡೆಯಲ್ಲ, ಹಿಮದ ಟೊಪ್ಪಿ. ಆದಕಾರಣ ಸರ್ವೆಯವರು ಎರಡು ವರ್ಷಕ್ಕೊಮ್ಮೆ ಹೋಗಿ ಅಳೆಯುತ್ತಾರೆ. 2021ರಲ್ಲಿ 4,807.81 ಮೀಟರ್ ಇದ್ದದ್ದು 2023ರಲ್ಲಿ 4,805.59ಕ್ಕೆ ಇಳಿದಿತ್ತು. ಮೊದಲೇ ಹತ್ತಿದವನಿಗೆ ಎರಡು ಮೀಟರಿನಷ್ಟು ಹೆಚ್ಚು ಪುಣ್ಯ ಸಲ್ಲುವುದೇ ಎಂಬ ಪ್ರಶ್ನೆಗೆ ಪಂಡಿತರು ಇನ್ನೂ ಬಾಯಿಬಿಟ್ಟಿಲ್ಲ.

ಭಾರಪ್ರಕರಣಕ್ಕೆ ಬರೋಣ. ಮಾಂಟ್ ಬ್ಲಾಂಕ್‌ಗೆ ದಾರಿ ಹುಡುಕಿದವರಿಗೆ ಬಹುಮಾನ ಕೊಡುತ್ತೇನೆಂದು ಜಿನೀವಾದ ವಿಜ್ಞಾನಿ ಸೊಸ್ಯೂರ್ 1760ರಲ್ಲಿ ಸಾರಿದ. ಯೋಜನೆ ಫಲಿಸಲು 26 ವರ್ಷ ಹಿಡಿಯಿತು. 1786ರ ಆಗಸ್ಟ್ 8ರಂದು ವೈದ್ಯ ಪಕ್ಕಾರ್ ಮತ್ತು ಹರಳು ಹುಡುಕುವ ಬಾಲ್ಮಾ ಮೇಲೆ ತಲುಪಿದರು. ಮರುವರ್ಷ ಸೊಸ್ಯೂರ್ ತಾನೇ ಹೊರಟ. ಜತೆಗೆ 18 ಮಂದಿ ಗೈಡ್‌ಗಳು, ಒಬ್ಬ ಸೇವಕ, ವಾಯುಭಾರಮಾಪಕ, ಉಷ್ಣಮಾಪಕ. ಇದು ವೈಜ್ಞಾನಿಕ ಪಕ್ಷ. 1851ರಲ್ಲಿ ಲಂಡನ್ನಿನ ಆಲ್ಬರ್ಟ್ ಸ್ಮಿತ್ ಭೋಜನಪಕ್ಷವನ್ನು ಸ್ಥಾಪಿಸಿದ. ಆತನ ತಂಡದ ಸಾಮಾನಿನ ಚೀಟಿ ಉಳಿದುಬಂದಿದೆ: ಸಾದಾ ವೈನ್ 60 ಬಾಟಲಿ, ಶಾಂಪೇನ್ 2, ದೊಡ್ಡ ಕೋಳಿ 11, ಚಿಕ್ಕ ಕೋಳಿ 35, ಕುರಿಯ ತೊಡೆ 4, ರಾಸ್ಪ್‌ಬೆರಿ ಶರಬತ್ತು 1. ಆ ಒಂದೇ ಒಂದು ಶರಬತ್ತು ಯಾರ ಪಾಲಿನದೆಂಬುದರ ಮೇಲೆ ಒಂದು ಪಿಎಚ್‌.ಡಿ. ಆಗಬಹುದು. ಇಷ್ಟೆಲ್ಲ ಹೊರಿಸಿಕೊಂಡು ಮೇಲೇರಿದ ಸ್ಮಿತ್ ತುದಿ ತಲುಪಿದವನೇ ಮಲಗಿ ನಿದ್ದೆಹೋದ. ಇಳಿದು ಬಂದ ಮೇಲೆ ಅದನ್ನೇ ಪ್ರದರ್ಶನ ಮಾಡಿ ಲಂಡನ್ನಿನಲ್ಲಿ ವರ್ಷಗಟ್ಟಲೆ ಟಿಕೆಟ್ ಮಾರಿದ. ಪರ್ವತಾರೋಹಣದಿಂದ ಸಂಸಾರ ನಡೆಸಲು ಬಯಸುವವರು ಗಮನಿಸತಕ್ಕದ್ದು.

ಮೂರನೆಯದು ಕೇವಲಭಾರ ಪಕ್ಷ. 2019ರಲ್ಲಿ ಒಬ್ಬ ಸಾಹಸಿ ಜಿಮ್ಮಿನಲ್ಲಿ ಕುಳಿತು ಹುಟ್ಟು ಹಾಕುವ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಮಾಂಟ್ ಬ್ಲಾಂಕ್ ಏರತೊಡಗಿದ. ಅದು ತುದಿ ಕಾಣಲಿಲ್ಲ. 4,362 ಮೀಟರ್ ಎತ್ತರದ ವಾಲೋ ಎಂಬ ಆಪತ್ಕಾಲದ ಗೂಡಿನಲ್ಲಿ ಉಳಿದುಹೋಯಿತು. ಬಿರುಗಾಳಿಗೆ ಸಿಕ್ಕು ಜೀವ ಉಳಿಸಿಕೊಳ್ಳಲು ಓಡಿಬಂದವನು ಬಾಗಿಲು ತೆರೆದರೆ ಒಳಗೆ ವ್ಯಾಯಾಮದ ಏರ್ಪಾಡು!

ಶ್ರೇಣಿಪ್ರಕರಣವನ್ನು ಬೇಗ ಮುಗಿಸುತ್ತೇನೆ. ಆಲ್ಪ್ಸ್‌ನ ದಾರಿಗಳಿಗೆ ಎಫ್, ಪಿಡಿ, ಎಡಿ, ಡಿ, ಟಿಡಿ, ಇಡಿ ಎಂದು ಏರುಕ್ರಮದ ದರ್ಜೆಗಳುಂಟು. ಎಫ್ ಸುಲಭ, ಐಗರ್‌ನ ಉತ್ತರ ಮುಖದಂಥದ್ದು ಇಡಿ. ಇಡಿ ಎಂದೊಡನೆ ಬೆವರುವುದು ನಮ್ಮ ದೇಶದ ದೊಡ್ಡ ಮನುಷ್ಯರು ಮಾತ್ರವಲ್ಲ ಎಂದು ತಿಳಿದು ಸಮಾಧಾನವಾಗುತ್ತದೆ. ಈ ದರ್ಜೆಗಳೆಲ್ಲ ದಾರಿ ಒಳ್ಳೆಯ ಸ್ಥಿತಿಯಲ್ಲಿದ್ದಾಗಿನವು. ಒಳ್ಳೆಯ ಸ್ಥಿತಿ ಯಾವಾಗ ಇತ್ತೆಂದು ವಿಚಾರಿಸಿದರೆ, ಹೋದ ವಾರ ಇತ್ತು ಎಂಬ ಉತ್ತರ ಸಾರ್ವಕಾಲಿಕ.

ಕಾಲಪ್ರಕರಣದ ಸೂತ್ರಕಾರ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್. 1892ರ ಅವನ ಸೂತ್ರದಂತೆ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಕೆಗೆ ಇನ್ನೊಂದು ಗಂಟೆ. ಇದನ್ನು ಮ್ಯಾಟರ್‌ಹಾರ್ನ್‌ಗೆ ಹಚ್ಚಿ ನೋಡಿ. 3,260 ಮೀಟರಿನ ಹೋರ್ನ್ಲಿ ತಂಗುಮನೆಯಿಂದ 4,478 ಮೀಟರಿನ ತುದಿಗೆ ಏರಿಕೆ ಸುಮಾರು 4,000 ಅಡಿ. ಎರಡು ಗಂಟೆ ಚಿಲ್ಲರೆಗೆ ಕೆಲಸ ಮುಗಿಯಬೇಕು. ಚುರುಕಾದವರಿಗೂ ಹಿಡಿಯುವುದು ಅದರ ಇಮ್ಮಡಿ. ನೈಸ್ಮಿತ್ ಸೂತ್ರ ಕಟ್ಟಿದ್ದು ಕೈಬೀಸಿ ನಡೆಯುವವರಿಗಾಗಿ. ಇಲ್ಲಿ ಕೈಗೂ ಕೆಲಸವಿದೆ ಎಂಬುದು ಪಾಮರರ ವಿವರಣೆ. ಪಂಡಿತರು ತಂಗುಮನೆಯ ಬಾಗಿಲನ್ನು ಪರಿಶೀಲಿಸುತ್ತಾರೆ.

ಬೆಳಗಿನ ಜಾವ ಆ ಬಾಗಿಲ ಹಿಂದಿನ ಓಣಿಯಲ್ಲಿ ಹೆಲ್ಮೆಟ್ಟು ತೊಟ್ಟು, ಹಣೆಗೆ ದೀಪ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಜೋಡಿ ಜೋಡಿಯಾಗಿ ಜನ ನಿಂತಿರುತ್ತಾರೆ. ಒಬ್ಬರ ದೀಪ ಇನ್ನೊಬ್ಬರ ಕಣ್ಣಿಗೆ. ಗೈಡು ತನ್ನ ಗಿರಾಕಿಯ ಗಂಟನ್ನು ಎಳೆದು ನೋಡುತ್ತಾನೆ, ಗಿರಾಕಿ ಶೌಚಕ್ಕೆ ಹೋಗಬೇಕಿತ್ತೆಂದು ಈಗ ನೆನೆಸಿಕೊಳ್ಳುತ್ತಾನೆ. ಮಠದ ಊಟದ ಸಾಲಿನಲ್ಲಿರುವಂತೆ ಇಲ್ಲಿಯೂ ಪಂಕ್ತಿಭೇದ ಕಟ್ಟುನಿಟ್ಟು: ಮೊದಲು ಬೆಟ್ಟದ ಬುಡದ ಜರ್ಮ್ಯಾಟ್ ಊರಿನ ಗೈಡ್‌ಗಳು, ಆಮೇಲೆ ಪರವೂರಿನ ಗೈಡ್‌ಗಳು, ಕಡೆಗೆ ಗೈಡಿಲ್ಲದ ಸ್ವತಂತ್ರರು. ಬಾಗಿಲು ತೆರೆದದ್ದೇ ತಡ, ಕತ್ತಲಲ್ಲಿ ಎಲ್ಲರೂ ಓಡುತ್ತಾರೆ. ಐದು ನಿಮಿಷದೊಳಗೆ ಬಂಡೆಗೆ ಬಿಗಿದ ಮೊದಲ ದಪ್ಪ ಹಗ್ಗ ಬರುತ್ತದೆ, ಅಲ್ಲಿ ಎಲ್ಲರೂ ನಿಲ್ಲುತ್ತಾರೆ. ಸೂತ್ರದಲ್ಲಿ ಕಳೆದುಹೋದ ಎರಡು ಗಂಟೆಯ ಮೊದಲ ಕಂತು ಇಲ್ಲಿ ಸಿಗುತ್ತದೆ.

ಈಗ ಸಿದ್ಧಾಂತ. ಯೋಜನೆಯನ್ನು ಇಳಿಯುವುದಕ್ಕಾಗಿ ಮಾಡತಕ್ಕದ್ದು. ಎಲ್ಲರೂ ಹತ್ತುವುದಕ್ಕಾಗಿ ಮಾಡುತ್ತಾರೆ. ಮ್ಯಾಟರ್‌ಹಾರ್ನ್‌ನಲ್ಲಿ ಇಳಿಯುವುದಕ್ಕೂ ಏರಿದಷ್ಟೇ ಹೊತ್ತು ಬೇಕು.

ಇದಕ್ಕೆ ಪ್ರಮಾಣ, ಆ ಬೆಟ್ಟವನ್ನು ಮೊದಲು ಹತ್ತಿದ ತಂಡದ ಎಡ್ವರ್ಡ್ ವಿಂಪರ್. ಹತ್ತುವ ವಿಷಯದಲ್ಲಿ ಆತನಷ್ಟು ಯೋಚಿಸಿದವರು ಕಡಿಮೆ. ಇಟಲಿಯ ಕಡೆಯಿಂದ ಮತ್ತೆ ಮತ್ತೆ ಪ್ರಯತ್ನಿಸಿ ಸೋತ ಮೇಲೆ ಬಂಡೆಯ ಪದರಗಳ ವಾಲಿಕೆಯನ್ನು ಗಮನಿಸಿದ. ಇಟಲಿಯ ಕಡೆ ಪದರಗಳು ಹೊರಕ್ಕೆ ಜಾರಿವೆ. ಹಾಗಾದರೆ ಜರ್ಮ್ಯಾಟ್ ಕಡೆ ಅವು ಒಳಕ್ಕೆ ವಾಲಿ ಮೆಟ್ಟಿಲಿನಂತೆ ಇರಬೇಕು. ಊರಿನಿಂದ ನೋಡಿದರೆ ಎದೆ ಝಲ್ಲೆನ್ನಿಸುವ ಹೋರ್ನ್ಲಿ ಏಣು ಹತ್ತಿರ ಹೋದರೆ ಅಷ್ಟು ಕಡಿದಲ್ಲ. ಊಹೆ ಅಕ್ಷರಶಃ ನಿಜವಾಯಿತು. 1865ರ ಜುಲೈ 14ರಂದು ಏಳು ಮಂದಿ ಮೇಲೆ ನಿಂತು, ಇಟಲಿಯ ಕಡೆಯಿಂದ ಬರುತ್ತಿದ್ದ ಎದುರಾಳಿ ತಂಡಕ್ಕೆ ತಾವು ಗೆದ್ದದ್ದು ತಿಳಿಯಲೆಂದು ಕಲ್ಲು ಉರುಳಿಸಿದರು.

ಇಳಿಯುವಾಗ ಏಳು ಮಂದಿಯೂ ಒಂದೇ ಸಾಲಿಗೆ ಕಟ್ಟಿಕೊಂಡರು. ತಂಡದಲ್ಲಿ ಮೂರು ಬಗೆಯ ಹಗ್ಗಗಳಿದ್ದವು. ನಾಲ್ಕನೆಯವನಿಗೂ ಐದನೆಯವನಿಗೂ ನಡುವೆ ಬಿದ್ದದ್ದು ಮೂರರಲ್ಲಿ ದುರ್ಬಲವಾದದ್ದು. 19 ವರ್ಷದ ಹ್ಯಾಡೊ ಜಾರಿದ. ತಂಡದ ಕ್ರೋ, ಹಡ್ಸನ್, ಡಗ್ಲಸ್ ಅವನೊಂದಿಗೆ ಹೋದರು. ಹಗ್ಗ ತುಂಡಾಗಿ ಮೂವರು ಉಳಿದರು. ತುಂಡಾದ ಹಗ್ಗ ಜರ್ಮ್ಯಾಟ್‌ನ ಮ್ಯೂಸಿಯಂನಲ್ಲಿ ಗಾಜಿನೊಳಗಿದೆ. ಅದನ್ನು ನೋಡಿದರೆ ಬಟ್ಟೆ ಒಣಗಿಸಲೂ ಮನಸ್ಸು ಬರುವುದಿಲ್ಲ. ವರ್ಷಗಳ ಯೋಜನೆಯಲ್ಲಿ ಆ ಹಗ್ಗ ಯಾರ ನಡುವೆ ಬರಬೇಕೆಂಬ ಒಂದು ಸಾಲು ಇರಲಿಲ್ಲ. ಪರಿಹಾಸದ ಗ್ರಂಥದಲ್ಲಿ ಇದನ್ನೇಕೆ ತಂದಿರೆಂದರೆ, ಈ ಶಾಸ್ತ್ರದಲ್ಲಿ ಇದಕ್ಕಿಂತ ಬಲವಾದ ಪ್ರಮಾಣ ನನಗೆ ಸಿಕ್ಕಿಲ್ಲ.

ಪೂರ್ವಪಕ್ಷಿ ಕೇಳುತ್ತಾನೆ: ಸ್ವಾಮಿ, ಅದು ಹಳೆಯ ಕಾಲ. ಈಗ ನೈಲಾನ್ ಹಗ್ಗವಿದೆ, ಉಪಗ್ರಹವಿದೆ, ಹವಾಮಾನದ ಮುನ್ಸೂಚನೆಯಿದೆ.

ಇದೆ. ಆದರೆ ಬೆಟ್ಟವೇ ಇದ್ದಂತೆ ಇಲ್ಲ. 2022ರ ಜುಲೈ 25ರಂದು ಸ್ವಿಟ್ಸರ್ಲೆಂಡಿನ ಮೇಲೆ ಸೊನ್ನೆ ಡಿಗ್ರಿಯ ಮಟ್ಟ 5,184 ಮೀಟರಿಗೆ ಏರಿತು; ಅಂದರೆ ಆಲ್ಪ್ಸ್‌ನ ಅತಿ ಎತ್ತರದ ತುದಿಗಿಂತಲೂ ಮೇಲೆ. ಬಂಡೆಗಳನ್ನು ಅಂಟಿನಂತೆ ಹಿಡಿದಿದ್ದ ಹಿಮ ಕರಗಿದರೆ ಕಲ್ಲು ತನ್ನ ಯೋಜನೆಯನ್ನು ತಾನೇ ಹಾಕಿಕೊಳ್ಳುತ್ತದೆ. ಮಾಂಟ್ ಬ್ಲಾಂಕ್‌ನ ಗೂಟೆ ದಾರಿಯಲ್ಲಿ ಅಡ್ಡಡ್ಡ ದಾಟಬೇಕಾದ ಒಂದು ಕೊರಕಲಿದೆ. ಮೇಲಿನಿಂದ ಕಲ್ಲುಗಳು ಗುಂಡಿನಂತೆ ಬರುತ್ತವೆ. ಆ ಬೇಸಿಗೆ ಅಲ್ಲಿನ ಊರಿನ ಮೇಯರ್, ಹತ್ತುವವರಿಂದ 15,000 ಯೂರೊ ಠೇವಣಿ ಇರಿಸಿಕೊಳ್ಳಬೇಕೆಂದರು: ರಕ್ಷಣಾ ಕಾರ್ಯಕ್ಕೆ 10,000, ಅಂತ್ಯಕ್ರಿಯೆಗೆ 5,000. ಇಳಿಯುವುದಕ್ಕೆ, ಅದೂ ಎರಡೂ ವಿಧದಲ್ಲಿ ಇಳಿಯುವುದಕ್ಕೆ, ಬಜೆಟ್ ಹಾಕಿದ ಮೊದಲ ಯೋಜನಾಕಾರರೆಂದು ಈ ಗ್ರಂಥಕರ್ತನು ಅವರಿಗೆ ನಮಸ್ಕರಿಸುತ್ತಾನೆ.

ಪೂರ್ವಪಕ್ಷಿ ಸೋಲೊಪ್ಪಲಿಲ್ಲ. ಹಾಗಾದರೆ ಕೇಬಲ್ ಕಾರಿನಲ್ಲಿ ಹೋಗುತ್ತೇನೆ, ಅಲ್ಲಿ ಯೋಜನೆಯೇ ಬೇಡ ಎಂದ.

ಮಾಂಟ್ ಬ್ಲಾಂಕ್ ಬುಡದ ಶಾಮೊನಿ ಊರಿನಿಂದ 3,842 ಮೀಟರಿನ ಏಗ್ವೀ ದ್ಯು ಮಿದಿಗೆ 1955ರಿಂದ ಕೇಬಲ್ ಕಾರ್ ಇದೆ. ಅಲ್ಲಿನ ಕಾಸ್ಮೀಕ್ ಏಣನ್ನು ಏರುವವರು ಕಟ್ಟಕಡೆಗೆ ಒಂದು ಕಬ್ಬಿಣದ ಏಣಿ ಹತ್ತಿ, ಕಟಕಟೆ ದಾಟಿ, ಫೋಟೊ ತೆಗೆಸಿಕೊಳ್ಳುತ್ತಿರುವ ಪ್ರವಾಸಿಗರ ನಡುವೆ ಬೂಟಿಗೆ ಬಿಗಿದ ಕ್ರ್ಯಾಂಪಾನ್ ಮುಳ್ಳುಗಳ ಸಮೇತ ಇಳಿಯುತ್ತಾರೆ. ಶಿಖರವೂ ಬಂತು, ಕಾಫಿಯೂ ಬಂತು. ಆದರೆ ಸಂಜೆಯ ಕೊನೆಯ ಕಾರು ಯಾರಿಗಾಗಿಯೂ ಕಾಯುವುದಿಲ್ಲ.

ತಪ್ಪಿದರೆ?

ತಪ್ಪಿದವರು ನಿಲ್ದಾಣದ ಶೌಚಾಲಯದಲ್ಲಿ ರಾತ್ರಿ ಕಳೆಯುವುದು ಆರೋಹಿಗಳಲ್ಲಿ ಸಂದ ಸಂಪ್ರದಾಯ.

ಅದು ಯಾವ ದರ್ಜೆ, ಸ್ವಾಮಿ?

ಎಫ್. ಬಾಗಿಲಿಗೆ ತಲೆಯಿಟ್ಟು ಮಲಗಬೇಕೋ ಕಾಲಿಟ್ಟು ಮಲಗಬೇಕೋ ಎಂಬುದರಲ್ಲಿ ಮಾತ್ರ ಮತಭೇದವಿದೆ.