ಹಣೆಬರಹದ ಕ್ಯೂಸೆಕ್ ಲೆಕ್ಕ: ಭೀಮಾತೀರದ ಒಂದು ಕಾದಂಬರಿ ಮೀಮಾಂಸೆ

ಪೀಠಿಕೆ: ಕಾದಂಬರಿಯ ಪಾತ್ರ ವಿಧಿಯ ಕೈಗೊಂಬೆಯೋ, ತನ್ನಿಚ್ಛೆಯಂತೆ ನಡೆಯುವ ಜೀವಿಯೋ? ಈ ಜಿಜ್ಞಾಸೆಯನ್ನು ಪಂಡಿತರು ಗ್ರಂಥಾಲಯದಲ್ಲಿ ಕೂತು ಕೆಡಿಸಿದ್ದಾರೆ. ಭೀಮಾ ದಂಡೆಯ ದೇವಣಗಾಂವದ ಕಟ್ಟೆಯ ಮೇಲೆ ಕೂತಿದ್ದರೆ ಒಂದೇ ಮಳೆಗಾಲದಲ್ಲಿ ಇತ್ಯರ್ಥವಾಗುತ್ತಿತ್ತು.

ಪೂರ್ವಪಕ್ಷ: ಕೂಸು ಹುಟ್ಟಿದ ಐದನೆಯ ರಾತ್ರಿ ಶೆಟಿಗೆವ್ವ ಬಂದು ಹಣೆಯ ಮೇಲೆ ಬರೆದು ಹೋಗುತ್ತಾಳೆಂಬುದು ಈ ಸೀಮೆಯ ಮತ. ಆಕೆ ಕರಡು ತೋರಿಸುವುದಿಲ್ಲ, ವಿಮರ್ಶಕರಿಗೆ ಹೆದರುವುದಿಲ್ಲ, ಗೌರವಧನ ಕೇಳುವುದಿಲ್ಲ. ಆದಕಾರಣ ಆಕೆಯೇ ಆದ್ಯ ಕಾದಂಬರಿಕಾರ್ತಿ.

ಸಿದ್ಧಾಂತ: 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಹೊಲ-ಮನೆಗಳಿಗೆ ನುಗ್ಗಿತು. ಕಟ್ಟೆಯ ಒಂದು ಬಣ "ಹಣ್ಯಾಗ ಬರದಿದ್ದು ತಪ್ಪತೈತೇನ್ರೀ?" ಎಂದರೆ, ಇನ್ನೊಂದು ಬಣ "ಹಣಿ ಅಲ್ಲೋ ಮಾರಾಯಾ, ಉಜನಿ! ಗೇಟ್ ಎತ್ತ್ಯಾರ" ಎಂದಿತು. ಉಜನಿ ಅಣೆಕಟ್ಟು ಇರುವುದು ಹೊಳೆಯ ಮೇಲ್ಭಾಗದಲ್ಲಿ, ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ. ಮಳೆಯನ್ನು ಶೆಟಿಗೆವ್ವನ ಖಾತೆಗೂ ಗೇಟನ್ನು ಇಂಜಿನಿಯರರ ಖಾತೆಗೂ ಬರೆದರೆ ಸಿಗುವ ಸೂತ್ರ: ಮೇಲ್ದಂಡೆಯವರ ನಿರ್ಧಾರವೇ ಕೆಳದಂಡೆಯವರ ಹಣೆಬರಹ.

ಪ್ರಥಮ ನಿದರ್ಶನ: ಕಾರಂತರ 'ಚೋಮನ ದುಡಿ' (1933). ಚೋಮನಿಗೆ ತುಂಡು ಭೂಮಿ ಬೇಕು. ಧಣಿ ಸಂಕಪ್ಪಯ್ಯನಿಗೆ ಕೊಡುವ ಮನಸ್ಸಿದೆ, ಅವನ ತಾಯಿಗಿಲ್ಲ. ಗೇಟು ಬಿತ್ತು. ಕೆಳಗಿದ್ದ ಚೋಮ ಅದನ್ನು ಹಣೆಬರಹವೆಂದು ತಿಳಿದು ಸಾಯುವವರೆಗೂ ದುಡಿ ಬಡಿಯಬೇಕಾಯಿತು.

ದ್ವಿತೀಯ ನಿದರ್ಶನ: ಅನಂತಮೂರ್ತಿಯವರ 'ಸಂಸ್ಕಾರ' (1965). ಆಚಾರ ಬಿಟ್ಟ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡಬಹುದೋ ಕೂಡದೋ ಎಂದು ಪ್ರಾಣೇಶಾಚಾರ್ಯರು ಮಾರುತಿಯ ಪ್ರಸಾದ ಕೇಳಿದರು. ಎಡಹೂವೂ ಬೀಳಲಿಲ್ಲ, ಬಲಹೂವೂ ಬೀಳಲಿಲ್ಲ. ದೇವರೇ ಗೇಟಿನ ಕೀಲಿ ಕೈಗಿಟ್ಟು ಸುಮ್ಮನಾದ. ಅದೇ ರಾತ್ರಿ ಕಾಡಿನಲ್ಲಿ ನಾರಣಪ್ಪನ ಸಂಗಾತಿ ಚಂದ್ರಿಯನ್ನು ಕೂಡಿದ್ದು ತಾವೇ ಮಾಡಿದ್ದೋ ತಾನಾಗಿ ಆದದ್ದೋ ಎಂದು ಆಚಾರ್ಯರು ಕೊನೆಯ ಪುಟದವರೆಗೂ ಲೆಕ್ಕ ಹಾಕಿದರು. ಸೂತ್ರಕ್ಕೆ ಇದೊಂದೇ ಅಪವಾದ: ಇಲ್ಲಿ ಉಜನಿಯೂ ಅವರೇ, ದೇವಣಗಾಂವವೂ ಅವರೇ.

ಆಕ್ಷೇಪ: ಹಾಗಾದರೆ ಕಾದಂಬರಿಕಾರ ಯಾರು? ಸಮಾಧಾನ: ವರ್ಷವಿಡೀ ನೀರು ಹಿಡಿದಿಟ್ಟು, ಕೊನೆಯ ಅಧ್ಯಾಯದಲ್ಲಿ ಎಲ್ಲ ಗೇಟು ಎತ್ತಿ, "ವಿಧಿಲಿಖಿತ" ಎಂದು ಕೈ ತೊಳೆದುಕೊಳ್ಳುವ ಡ್ಯಾಮಿನ ಅಧಿಕಾರಿ.

ಶಿಫಾರಸು: ಇನ್ನು ಮುಂದೆ ಪಾತ್ರಗಳನ್ನು ಮುಳುಗಿಸಬಯಸುವವರು ಎರಡು ಅಧ್ಯಾಯ ಮೊದಲೇ ಡಂಗುರ ಸಾರಿಸತಕ್ಕದ್ದು. ಪಾತ್ರಗಳು ದನಕರು ಹೊಡೆದುಕೊಂಡು ದಿನ್ನೆ ಏರಲಿ. ಡಂಗುರ ಕೇಳಿಯೂ ಕಟ್ಟೆ ಬಿಟ್ಟೇಳದೆ ವಿಧಿಯ ಚರ್ಚೆ ಮುಂದುವರಿಸಿದವರ ಗತಿಯನ್ನು ಮಾತ್ರ ಸ್ವಂತ ಆಯ್ಕೆಯೆಂದು ದಾಖಲಿಸಬಹುದು.