ಅಶ್ವಪತನ ಮೀಮಾಂಸೆ

ಅಥವಾ, ಅಗಡಿ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಕುದುರೆಯಿಂದ ಸಣ್ಣಪುಟ್ಟದಾಗಿ ಬೀಳುವವರ ಲೋಕೋಪಕಾರಾರ್ಥವಾಗಿ ರಚಿಸಿದ ಶಾಸ್ತ್ರ

1. ಪೀಠಿಕಾ ಪ್ರಕರಣ

ಕನ್ನಡ ನಾಡಿನ ಶಾಸ್ತ್ರಸಾಹಿತ್ಯದಲ್ಲಿ ಒಂದು ದೊಡ್ಡ ಗುಂಡಿ ಇದೆ. ಕಲ್ಯಾಣ ಚಾಲುಕ್ಯರ ಮನೆತನದ ಕೀರ್ತಿವರ್ಮ ‘ಗೋವೈದ್ಯ’ ಬರೆದು ದನಕರುಗಳ ಯೋಗಕ್ಷೇಮ ನೋಡಿಕೊಂಡ. 1400ರ ಸುಮಾರಿಗೆ ಅಭಿನವಚಂದ್ರ ಅಶ್ವಶಾಸ್ತ್ರ ರಚಿಸಿ ಕುದುರೆಯ ಕಾಯಿಲೆ ಕಸಾಲೆ ವಿಚಾರಿಸಿಕೊಂಡ. ಅದಕ್ಕೂ ಮುಂಚೆ, 12ನೇ ಶತಮಾನದಲ್ಲಿ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಕುದುರೆ ಪಳಗಿಸುವ ಕ್ರಮವನ್ನೂ ಅದರ ಮೇಲೆ ಕೂತು ಆಡುವ ಚೆಂಡಾಟವನ್ನೂ ವಿವರಿಸಿದ. ಹೀಗೆ ದನಕ್ಕೆ ಮದ್ದು ಸಿಕ್ಕಿತು, ಕುದುರೆಗೆ ವೈದ್ಯ ಸಿಕ್ಕ, ಅರಸನಿಗೆ ಆಟ ಸಿಕ್ಕಿತು. ಕುದುರೆಯಿಂದ ಜಾರಿ ಮೊಣಕಾಲು ತರಚಿಕೊಂಡವನಿಗೆ ಮಾತ್ರ ಅರ್ಧ ಪುಟವೂ ಸಿಕ್ಕಲಿಲ್ಲ.

ಈ ಉಪೇಕ್ಷೆಗೆ ಚರಿತ್ರೆಯ ಸಾಕ್ಷಿಯೂ ಇದೆ. ವಿಜಯನಗರದ ಸಾಳುವ ನರಸಿಂಹನ ಬಗ್ಗೆ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಹೇಳುವಂತೆ, ಆ ರಾಜ ಹೋರ್ಮುಜ್ ಕಡೆಯಿಂದ ಬರುವ ಕುದುರೆಗಳನ್ನು ಸತ್ತರೂ ಬದುಕಿದರೂ ಕೊಳ್ಳುತ್ತಿದ್ದ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ವರ್ತಕನಿಗೆ ಪೂರ್ತಿ ಹಣ. ಸತ್ತ ಕುದುರೆಯ ಬಾಲಕ್ಕೇ ಅಷ್ಟು ಬೆಲೆ ಇದ್ದ ನಾಡಿನಲ್ಲಿ, ಬದುಕಿದ ಸವಾರನ ಬಾಲಮೂಳೆಗೆ ಏನು ಪರಿಹಾರವಿತ್ತೆಂದು ಯಾವ ಪ್ರವಾಸಿಯೂ ವಿಚಾರಿಸಿಲ್ಲ.

ಅಗಡಿಯ ಪರಂಪರೆ ಈ ವಿಷಯದಲ್ಲಿ ಹೆಚ್ಚು ವಿವೇಕದ್ದು. ಇಲ್ಲಿಯ ಆನಂದವನದಿಂದ 20ನೇ ಶತಮಾನದ ಆರಂಭದಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯ ಸಂಪಾದಕರಾಗಿದ್ದ ಗಳಗನಾಥರು (1869–1942) ‘ಮಾಧವ ಕರುಣಾ ವಿಲಾಸ’ದಂಥ ಐತಿಹಾಸಿಕ ಕಾದಂಬರಿಗಳನ್ನು ಬರೆದವರು. ಅರಸರೂ ದಂಡೂ ಇರುವ ಕಾದಂಬರಿಯಲ್ಲಿ ಕುದುರೆಗೆ ಬರವಿಲ್ಲ. ಆದರೆ ಅವರು ಸ್ವತಃ ಪುಸ್ತಕದ ಗಂಟು ಹೊತ್ತು ಊರೂರು ನಡೆದು ಮಾರಿದರು. ಕುದುರೆಯನ್ನು ಪುಟದೊಳಗೆ ಓಡಿಸಿ ತಾನು ನೆಲದ ಮೇಲೆ ನಡೆಯುವುದು ಪತನ ನಿವಾರಣೆಯ ಸರ್ವೋತ್ತಮ ಮಾರ್ಗ. ಅದನ್ನು ಅನುಸರಿಸಲಾರದ ಮಂದಮತಿಗಳಿಗಾಗಿ ಮುಂದಿನ ಪ್ರಕರಣಗಳು.

2. ಅಧಿಕಾರಿ ನಿರ್ಣಯ

ಯಾವ ಶಾಸ್ತ್ರಕ್ಕಾದರೂ ಓದುವ ಅಧಿಕಾರಿ ಯಾರೆಂದು ಮೊದಲು ಹೇಳಬೇಕು. ಈ ಸೀಮೆಯಲ್ಲಿ ಕುದುರೆಯ ಸಹವಾಸ ಉಳಿಸಿಕೊಂಡವರು ಮೂರು ಬಗೆ.

ಮೊದಲನೆಯವರು ಕುರಿಗಾರರು. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಹಿಂಡು ಹೊಡೆದುಕೊಂಡು ಬಂದು, ಗೊಬ್ಬರಕ್ಕೆಂದು ರೈತರ ಹೊಲದಲ್ಲಿ ಕುರಿ ನಿಲ್ಲಿಸುವ ಇವರ ಸಂಸಾರವೆಲ್ಲ ತಟ್ಟು ಕುದುರೆಯ ಬೆನ್ನ ಮೇಲಿರುತ್ತದೆ: ಕೌದಿ, ಕಂಬಳಿ, ಪಾತ್ರೆ, ಬಲೆ, ನಡೆಯಲಾರದ ಎಳೆಮರಿ, ಒಮ್ಮೊಮ್ಮೆ ಕೋಳಿ. ಇಷ್ಟೆಲ್ಲ ಹೇರಿದ ಮೇಲೆ ಮನುಷ್ಯನಿಗೆ ಜಾಗ ಉಳಿಯುವುದಿಲ್ಲವಾದ್ದರಿಂದ ಇವರು ಕುದುರೆಯ ಪಕ್ಕ ನಡೆಯುತ್ತಾರೆ. ಪಕ್ಕ ನಡೆಯುವವರು ಬೀಳುವುದಿಲ್ಲ. ಬೀಳದವರಿಗೆ ಈ ಶಾಸ್ತ್ರ ಬೇಡ. ಅವರು ನಮ್ಮ ಗುರುಸ್ಥಾನದಲ್ಲಿರುವವರು.

ಎರಡನೆಯವರು ಮದುವೆ ಗಂಡುಗಳು. ಹುಟ್ಟಿದಾಗಿನಿಂದ ಬೈಕನ್ನು ಬಿಟ್ಟು ಬೇರೇನನ್ನೂ ಏರದವನನ್ನು, ಪೇಟ ಸುತ್ತಿ, ಬಾಸಿಂಗ ಕಟ್ಟಿ, ಎದುರಿಗೆ ಏನೂ ಕಾಣದಂತೆ ಮಾಡಿ ಬಾಡಿಗೆ ಕುದುರೆಯ ಮೇಲೆ ಕೂರಿಸಿ, ಅದರ ಕಿವಿಯ ಪಕ್ಕದಲ್ಲಿ ಡೊಳ್ಳು, ಬ್ಯಾಂಡು, ಡಿಜೆ ಬಾರಿಸಿ, ಮುಂಗಾಲ ಹತ್ತಿರ ಸರಪಟಾಕಿ ಹಚ್ಚುವುದು ನಮ್ಮಲ್ಲಿ ಹರ್ಷಸೂಚಕ. ಇಷ್ಟಾದರೂ ಬಹುಪಾಲು ಗಂಡುಗಳು ನೆಟ್ಟಗೆ ಮಂಟಪ ಮುಟ್ಟುತ್ತಾರೆ. ಅದರ ಶ್ರೇಯಸ್ಸು ಲಗಾಮು ಹಿಡಿದು ಮುಂದೆ ನಡೆಯುವ ಬಡಕಲು ಮನುಷ್ಯನದು. ಮದುವೆಯ ಫೋಟೋದಲ್ಲಿ ಅವನ ಕೈ ಮಾತ್ರ ಇರುತ್ತದೆ.

ಮೂರನೆಯವರು ಪಡ್ಡೆ ಹುಡುಗರು. ಕುರಿಗಾರರು ರೊಟ್ಟಿಗೆ ಕೂತ ಹೊತ್ತು ನೋಡಿ, ಮೇಯಲು ಬಿಟ್ಟ ಅವರ ಕುದುರೆಯನ್ನು ‘ಒಂದ ರೌಂಡ್’ ಹತ್ತಿ ನೋಡುವವರು. ಈ ಶಾಸ್ತ್ರದ ಉದಾಹರಣೆಗಳೆಲ್ಲ ಇವರ ಕೊಡುಗೆ.

ದೀಪಾವಳಿಯ ನಂತರ ಕೊಬ್ಬರಿ ಹಾರ, ಬಲೂನು ಕಟ್ಟಿಕೊಂಡು ಓಡುವ ಹೋರಿಗಳ ಕೊರಳಿಗೆ ಕೈ ಹಾಕಲು ಹೋಗುವವರು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಜೀವಹಾನಿಯೂ ಆಗುವುದುಂಟು; ಅದು ಸಣ್ಣ ಅಪಘಾತಗಳ ಶಾಸ್ತ್ರಕ್ಕೆ ನಿಲುಕದ ವಿಷಯ.

3. ಪತನ ಭೇದ ಪ್ರಕರಣ

ಕುದುರೆಯಿಂದ ಒದಗುವ ಸಣ್ಣ ಆಪತ್ತುಗಳನ್ನು ಐದಾಗಿ ವಿಂಗಡಿಸುತ್ತೇವೆ.

ಒಂದು, ಜೀನುಪತನ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕೆಲವು ಕುದುರೆಗಳು ಹೊಟ್ಟೆ ಉಬ್ಬಿಸಿ ನಿಲ್ಲುತ್ತವೆ. ನಾಲ್ಕು ಹೆಜ್ಜೆ ನಡೆದ ಮೇಲೆ ಉಸಿರು ಬಿಡುತ್ತವೆ. ಪಟ್ಟಿ ಸಡಿಲಾಗುತ್ತದೆ, ಜೀನು ಪಕ್ಕಕ್ಕೆ ವಾಲುತ್ತದೆ, ಸವಾರ ಕುಳಿತ ಭಂಗಿ ಕೆಡದಂತೆ ಕುದುರೆಯ ಹೊಟ್ಟೆಯ ಕೆಳಗೆ ಹೋಗುತ್ತಾನೆ. ಪರಿಹಾರ: ತುಸು ನಡೆಸಿ, ಮತ್ತೊಮ್ಮೆ ಬಿಗಿದು, ಆಮೇಲೆ ಹತ್ತುವುದು.

ಎರಡು, ಸ್ತಂಭಪತನ. ಕುದುರೆ ಗಕ್ಕನೆ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೊದಲನೆಯ ನಿಯಮದ ಶುದ್ಧ ಪ್ರಾತ್ಯಕ್ಷಿಕೆ ಇದು. ರಸ್ತೆಯ ಮೇಲೆ ಬಿದ್ದ ಪ್ಲಾಸ್ಟಿಕ್ ಚೀಲ, ಬೇಲಿಗೆ ಒಣಹಾಕಿದ ಸೀರೆ, ಪಂಪ್‌ಸೆಟ್ಟಿನ ಸದ್ದು, ಇವು ಮುಖ್ಯ ಕಾರಣಗಳು.

ಮೂರು, ಗೃಹಾಭಿಮುಖ ಪತನ. ಹೋಗುವಾಗ ಒಂದೊಂದು ಹೆಜ್ಜೆಗೂ ಲಂಚ ಕೇಳುವ ಕುದುರೆ, ಮುಖ ಮನೆಯ ಹುರುಳಿಯ ಚೀಲದ ಕಡೆ ತಿರುಗಿದೊಡನೆ ಹುರುಪಿನಿಂದ ಓಡುತ್ತದೆ, ಸವಾರ ದಾರಿಯಲ್ಲೇ ಉಳಿಯುತ್ತಾನೆ. ಸಂಜೆ ಆಫೀಸು ಬಿಡುವ ಹೊತ್ತಿನ ಗುಮಾಸ್ತರಲ್ಲೂ ಈ ಲಕ್ಷಣ ಕಂಡಿದೆ.

ನಾಲ್ಕು, ಪಾದಾಘಾತ. ಇಲ್ಲಿ ಸವಾರ ಬೀಳುವುದೇ ಇಲ್ಲ. ಪಕ್ಕದಲ್ಲಿ ನಿಂತು ಕುದುರೆಯ ಬಗ್ಗೆ ಉಪನ್ಯಾಸ ಮಾಡುತ್ತಿರುವಾಗ ಅದು ಅವನ ಹವಾಯಿ ಚಪ್ಪಲಿಯ ಮೇಲೆ ಕಾಲಿಟ್ಟು ಯೋಚನೆಗೆ ಇಳಿಯುತ್ತದೆ. ದೊಡ್ಡ ಕುದುರೆ 400–500 ಕಿಲೋ ತೂಗುತ್ತದೆ; ಅದರ ನಾಲ್ಕನೆಯ ಒಂದು ಭಾಗ ಹೆಬ್ಬೆರಳಿಗೆ ಸಾಕು. ತಳ್ಳಬೇಕಾದದ್ದು ಅದರ ಭುಜವನ್ನು. ಎಳೆಯಬಾರದ್ದು ತನ್ನ ಕಾಲನ್ನು.

ಐದು, ರಜ್ಜುದಾಹ. ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ನಿಂತವನ ಕೈ ಚರ್ಮವನ್ನು, ಬೆದರಿದ ಕುದುರೆ ಹಗ್ಗದ ಜೊತೆಗೇ ಒಯ್ಯುತ್ತದೆ. ಹಗ್ಗವನ್ನು ಮಡಚಿ ಹಿಡಿಯಬೇಕು, ಸುತ್ತಿಕೊಳ್ಳಬಾರದು. ಕುರಿಗಾರರ ಮನೆಯ ಸಣ್ಣ ಮಕ್ಕಳಿಗೂ ಗೊತ್ತಿರುವ ಈ ಸೂತ್ರ ಪದವೀಧರರಿಗೆ ಇನ್ನೂ ಸಿದ್ಧಿಸಿಲ್ಲ.

4. ಅಶ್ವಪಕ್ಷ ಪ್ರಕರಣ

ಪ್ರತಿವಾದಿಯ ಮಾತು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕಿದ್ದು ಸುಮಾರು 350 ಡಿಗ್ರಿಯಷ್ಟು ಸುತ್ತಲ ಜಗತ್ತು ಅದಕ್ಕೆ ಕಾಣುತ್ತದೆ. ಕಾಣದ ಜಾಗ ಎರಡೇ: ನೇರ ಬೆನ್ನ ಹಿಂದೆ ಮತ್ತು ಹಣೆಯ ಎದುರು ಮೂಗಿನ ಹತ್ತಿರ. ನಮ್ಮವರು ಕುದುರೆಯ ಪರಿಚಯಕ್ಕೆ ಆರಿಸಿಕೊಳ್ಳುವುದು ಈ ಎರಡನ್ನೇ. ಒಬ್ಬ ಹಿಂದಿನಿಂದ ಹೋಗಿ ಬೆನ್ನು ಚಪ್ಪರಿಸುತ್ತಾನೆ, ಇನ್ನೊಬ್ಬ ಎದುರಿನಿಂದ ಹೋಗಿ ಹಣೆ ಸವರುತ್ತಾನೆ. ಹುಲ್ಲು ಮೇದು, ಹುಲಿಗೆ ಹೆದರಿ, ಓಡಿ ಬದುಕಿದ ವಂಶದ ಪ್ರಾಣಿಗೆ ಕಾಣದ ಕೈಯೆಲ್ಲ ಹುಲಿಯ ಕೈ. ಅದು ಒದೆಯುವುದು ಸಿಟ್ಟಿಗಲ್ಲ, ಪೂರ್ವಜರ ಮೇಲಿನ ಗೌರವಕ್ಕೆ.

ಒದೆಯುವ ಮುನ್ನ ಬಹುತೇಕ ಸಲ ಅದು ನೋಟಿಸ್ ಕೊಡುತ್ತದೆ. ಕಿವಿ ಹಿಂದಕ್ಕೆ ಮಲಗಿಸುವುದು ಮೊದಲನೆಯ ನೋಟಿಸ್. ಬಾಲ ಬೀಸುವುದು, ಹಿಂಗಾಲು ಎತ್ತಿ ತೋರಿಸುವುದು ಎರಡನೆಯದು. ಮೂರನೆಯದು ನೇರ ಜಾರಿ. ಭುಜದ ಕಡೆಯಿಂದ, ಮಾತಾಡಿಸುತ್ತ ಹತ್ತಿರ ಹೋದವನಿಗೆ ಈ ಕಚೇರಿ ವ್ಯವಹಾರದ ಉಪದ್ರವ ಬಹಳಷ್ಟು ಕಡಿಮೆ.

5. ಶಿಲ್ಪ ಪ್ರಮಾಣ ಪ್ರಕರಣ

ಹಾವೇರಿ ಸೀಮೆಯ ಊರೂರಲ್ಲೂ ವೀರಗಲ್ಲುಗಳು ಸಿಗುತ್ತವೆ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ಹಲವು ಕಡೆ ಕುದುರೆ ಸಮೇತ. ನಡುವೆ ಮಡಿದ ವೀರನನ್ನು ಅಪ್ಸರೆಯರು ಕರೆದೊಯ್ಯುವುದು. ಮೇಲೆ ಅವನು ಲಿಂಗದ ಸನ್ನಿಧಿಯಲ್ಲಿ ಕೂತಿರುವುದು. ರಣದಲ್ಲಿ ಬಿದ್ದವನಿಗೆ ಇಷ್ಟು ಮರ್ಯಾದೆ ಮಾಡಿದ ನಾಡು, ಹೊಲದಲ್ಲಿ ಬಿದ್ದವನಿಗೆ ಒಂದು ಗೋಟುಗಲ್ಲನ್ನೂ ನೆಟ್ಟಿಲ್ಲ.

ಆ ಲೋಪವನ್ನು ಈಗ ಮೊಬೈಲು ತುಂಬಿಕೊಟ್ಟಿದೆ. ವಾಟ್ಸಾಪಿನಲ್ಲಿ ಹರಿದಾಡುವ ಪತನದ ವಿಡಿಯೋಗಳನ್ನು ಶಾಸನತಜ್ಞನ ಕಣ್ಣಿನಿಂದ ನೋಡಿದರೆ ಅದೇ ಮೂರು ಅಂತಸ್ತು ಕಾಣುತ್ತದೆ. ಕೆಳ ಅಂತಸ್ತಿನಲ್ಲಿ ಕುದುರೆ, ಧೂಳು, ಎರಡು ಕಾಲು. ನಡುವಿನದರಲ್ಲಿ ಇಬ್ಬರು ಗೆಳೆಯರು ಎರಡು ರಟ್ಟೆ ಹಿಡಿದು ವೀರನನ್ನು ಎತ್ತುವುದು. ಇವರು ನಗುತ್ತಿರುವುದರಿಂದ ಅಪ್ಸರೆಯರ ಸ್ಥಾನಕ್ಕೆ ಸಲ್ಲುತ್ತಾರೆ. ಮೂರನೆಯ ಅಂತಸ್ತು, ಅಂದರೆ ವೀರ ವೈದ್ಯರ ಸನ್ನಿಧಿಯಲ್ಲಿ ಕೂತಿರುವ ದೃಶ್ಯ, ಹೆಚ್ಚಿನ ವಿಡಿಯೋಗಳಲ್ಲಿ ಇರುವುದೇ ಇಲ್ಲ. ಈ ಮೂರನೆಯ ಅಂತಸ್ತು ಯಾಕೆ ಇಲ್ಲ ಎಂಬುದೇ ಪ್ರಸ್ತುತ ಮೀಮಾಂಸೆಯ ಪ್ರಾಣಪ್ರಶ್ನೆ.

6. ಕಾರಣಿಕ ಪ್ರಕರಣ

ಬಿದ್ದು ಮಾತಾಡುವುದಕ್ಕೂ ಮಾತಾಡಿ ಬೀಳುವುದಕ್ಕೂ ವ್ಯತ್ಯಾಸವಿದೆ. ತುಂಗಭದ್ರೆಯ ಆಚೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ, ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರುತ್ತಾರೆ. ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ವಾಕ್ಯದ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿದು ಅವರು ಮೇಲಿನಿಂದ ಬೀಳುತ್ತಾರೆ. ಭಕ್ತರು ಕೆಳಗೆ ಹಿಡಿದುಕೊಳ್ಳುತ್ತಾರೆ. ಮಳೆ, ಬೆಳೆ, ರಾಜಕಾರಣ ಎಲ್ಲಕ್ಕೂ ಆ ವಾಕ್ಯವನ್ನು ವರ್ಷವಿಡೀ ಅನ್ವಯಿಸುತ್ತಾರೆ.

ಕುದುರೆಯಿಂದ ಬೀಳುವವನದು ಇದರ ವಿಲೋಮ ಕ್ರಮ. ಅವನು ಮೊದಲು ಬೀಳುತ್ತಾನೆ, ಯಾರೂ ಹಿಡಿಯುವುದಿಲ್ಲ, ಆಮೇಲೆ ಒಂದೇ ವಾಕ್ಯ ನುಡಿಯುತ್ತಾನೆ. ಕ್ಷೇತ್ರಕಾರ್ಯದಲ್ಲಿ ದೊರೆತ ಪಾಠ ಹೀಗಿದೆ:

“ಯಾಕೋ ತಮ್ಮಾ, ಬಿದ್ದೇನ?”

“ಬಿದ್ದಿಲ್ರೀ ಕಾಕಾ, ಇಳದೇನ್ರಿ.”

“ಮತ್ತ ಅಂಗಿ ಹರದೈತಲ್ಲೋ?”

“ಅದು ಮೊದ್ಲ ಹರದಿತ್ರಿ.”

“ಪೆಟ್ಟ ಗಿಟ್ಟ ಆತೇನ?”

“ಏನೂ ಆಗಿಲ್ರಿ.”

ಈ ‘ಏನೂ ಆಗಿಲ್ರಿ’ ಎಂಬುದೇ ಪತಿತನ ಕಾರಣಿಕ. ಮೈಲಾರದ ನುಡಿಗೆ ಹತ್ತು ಅರ್ಥ ಹಚ್ಚುವ ನಾವು, ಇದಕ್ಕೆ ಮಾತ್ರ ಒಂದೇ ಅರ್ಥ ಹಿಡಿದು ಮನೆಗೆ ಹೋಗುತ್ತೇವೆ. ಇದರ ಸರಿಯಾದ ವ್ಯಾಖ್ಯಾನ ಇಷ್ಟು: ಪೆಟ್ಟು ಆಗಿದೆ, ಎಲ್ಲಿ ಎಂದು ಇನ್ನೂ ಲೆಕ್ಕ ಹಾಕಿಲ್ಲ, ನೀವು ಸುತ್ತ ನಿಂತಿರುವವರೆಗೆ ಹಾಕುವುದೂ ಇಲ್ಲ. ಮೀಸೆಗೆ ಮಣ್ಣಾಗಿದೆಯೇ ಎಂದು ನೋಡಿಕೊಳ್ಳುವ ಅವಸರದಲ್ಲಿ ಅವನು ತಲೆ ಮುಟ್ಟಿ ನೋಡಿಕೊಂಡಿರುವುದಿಲ್ಲ. ಕುದುರೆಯ ಬೆನ್ನು ನೆಲದಿಂದ ನಾಲ್ಕೂವರೆ ಐದು ಅಡಿ ಎತ್ತರ, ಅದರ ಮೇಲೆ ಕೂತವನ ತಲೆ ಇನ್ನೂ ಮೂರಡಿ ಮೇಲೆ. ಅಷ್ಟು ಎತ್ತರದಿಂದ ಬಿದ್ದ ತೆಂಗಿನಕಾಯಿಯನ್ನಾದರೂ ನಾವು ಎತ್ತಿ ಅಲುಗಾಡಿಸಿ ನೋಡುತ್ತೇವೆ.

ಆದುದರಿಂದ ಸಿದ್ಧಾಂತ: ಸಣ್ಣ ಅಪಘಾತ ಸಣ್ಣದೋ ಅಲ್ಲವೋ ಎಂದು ನಿರ್ಣಯಿಸುವ ಅಧಿಕಾರ ಬಿದ್ದವನಿಗಿಲ್ಲ.

7. ಚಿಕಿತ್ಸಾ ಪ್ರಕರಣ

ಚಿಕಿತ್ಸೆಯಲ್ಲಿ ಮೂರು ಪಂಥಗಳಿವೆ.

ಡಬ್ಬಿ ಪಂಥದವರು ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿ ತೆರೆಯುತ್ತಾರೆ: ಅರಿಶಿನ, ಕಾಫಿಪುಡಿ, ಸುಣ್ಣ. ಗಾಯಕ್ಕೆ ಮೊದಲು ಬೇಕಾದದ್ದು ಹರಿಯುವ ನೀರು ಮತ್ತು ಸೋಪು ಎಂದರೆ ಇವರಿಗೆ ಅದು ತೀರಾ ಅಗ್ಗದ ಮದ್ದಾಗಿ ಕಾಣುತ್ತದೆ.

ಒದೆತ ಪಂಥ ಹೆಚ್ಚು ಕುತೂಹಲಕರ. ಕಾಲು ಮುಂದಾಗಿ ಹುಟ್ಟಿದವರು ಕಾಲಿನಿಂದ ಸೋಕಿಸಿದರೆ ಸೊಂಟದ ಚಳಕು ಬಿಡುತ್ತದೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ಹೀಗೆ ನಾಲ್ಕು ಕಾಲಿನವನಿಂದ ಒದೆಸಿಕೊಂಡವನು ಎರಡು ಕಾಲಿನವನ ಹತ್ತಿರ ಹೋಗಿ ಮತ್ತೊಮ್ಮೆ ಒದೆಸಿಕೊಳ್ಳುತ್ತಾನೆ. ತರ್ಕದಲ್ಲಿ ದೋಷವಿಲ್ಲ, ಸೊಂಟದಲ್ಲಿ ಉಳಿದರೆ ಅದು ಬೇರೆ ಮಾತು.

ಮೂರನೆಯದು ದವಾಖಾನೆ ಪಂಥ. ಅದರ ವಿಧಿಗಳು ನೀರಸ, ಆದರೆ ಫಲ ನಿಶ್ಚಿತ. ಉಳುಕಿದ ಜಾಗಕ್ಕೆ ತಣ್ಣನೆಯ ಬಟ್ಟೆ, ವಿಶ್ರಾಂತಿ. ಮೊದಲೆರಡು ದಿನ ತಿಕ್ಕುವುದು ಬೇಡ. ಕಂದಿದ ಪೆಟ್ಟು ಬ್ಯಾಡಗಿ ಮೆಣಸಿನಕಾಯಿಯ ಹಾಗೆ, ಬಣ್ಣ ಹೆಚ್ಚು, ಖಾರ ಕಡಿಮೆ, ತಾನಾಗಿ ಇಳಿಯುತ್ತದೆ. ಕುದುರೆ ಕಚ್ಚಿದ್ದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಬೇಕು. ಚರ್ಮ ಒಡೆದಿದ್ದರೆ ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರ ಕೇಳಲೇಬೇಕು, ಯಾಕೆಂದರೆ ಆ ರೋಗಾಣು ಮಣ್ಣಿನಲ್ಲೂ ಕುದುರೆಯ ಲದ್ದಿಯಲ್ಲೂ ಇರುತ್ತದೆ. ಕುದುರೆಯ ಪಕ್ಷದಲ್ಲಿ ಇದನ್ನೂ ದಾಖಲಿಸಬೇಕು: ಧನುರ್ವಾಯುವಿನ ಪ್ರತಿವಿಷ ಬಹುಕಾಲ ತಯಾರಾದದ್ದು ಕುದುರೆಯ ರಕ್ತದಿಂದಲೇ, ಹಾವು ಕಚ್ಚಿದವರಿಗೆ ಇಂದಿಗೂ ಕೊಡುವ ಮದ್ದು ಬರುವುದೂ ಅದೇ ಮೂಲದಿಂದ. ಕೆಡವಿದ ಋಣವನ್ನು ಅದು ಎಂದೋ ತೀರಿಸಿದೆ.

ಬಿದ್ದವನು ವಾಂತಿ ಮಾಡಿದರೆ, ಮಂಕಾದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಕಿವಿ ಮೂಗಿನಿಂದ ರಕ್ತವೋ ನೀರೋ ಬಂದರೆ, ಕುತ್ತಿಗೆ ನೋವೆಂದರೆ ಅಥವಾ ಕೈಕಾಲು ಜೋಮು ಹಿಡಿಯಿತೆಂದರೆ ಈ ಗ್ರಂಥವನ್ನು ಅಲ್ಲಿಗೇ ಮುಚ್ಚಿ 108ಕ್ಕೆ ಕರೆ ಮಾಡಬೇಕು. ಕುತ್ತಿಗೆಗೆ ಪೆಟ್ಟಾದ ಅನುಮಾನವಿದ್ದರೆ ಎತ್ತಿ ಕೂರಿಸಬಾರದು, ನೀರು ಕುಡಿಸಬಾರದು. ಅಪ್ಸರೆಯರು ರಟ್ಟೆ ಬಿಟ್ಟು ದೂರ ನಿಲ್ಲತಕ್ಕದ್ದು.

8. ಫಲಶ್ರುತಿ

ಈ ಮೀಮಾಂಸೆಯನ್ನು ಕುದುರೆ ಹತ್ತುವ ಮುನ್ನ ಪಠಿಸಿದವನು ಹೊಟ್ಟೆಪಟ್ಟಿಯನ್ನು ಎರಡು ಸಲ ಬಿಗಿಯುವನು. ಹತ್ತಿದ ಮೇಲೆ ಪಠಿಸಿದವನು, ಕೈಯಲ್ಲಿ ಲಗಾಮಿನ ಬದಲು ಪುಸ್ತಕವಿರುವ ಕಾರಣ, ಮೂರನೆಯ ಪ್ರಕರಣದ ಯಾವುದಾದರೊಂದು ಭೇದವನ್ನು ಶೀಘ್ರದಲ್ಲಿ ಸಾಧಿಸುವನು. ಬಿದ್ದ ಮೇಲೆ ಪಠಿಸಿದವನು ‘ಏನೂ ಆಗಿಲ್ರಿ’ ಎನ್ನುವುದನ್ನು ಬಿಟ್ಟು ‘ಇಲ್ಲಿ ನೋಯ್ತೈತ್ರಿ’ ಎಂದು ಬೆರಳಿಟ್ಟು ತೋರಿಸುವನು. ಅವನ ಮೀಸೆಗೆ ಮಣ್ಣಾದರೂ ಮಂಡೆ ಉಳಿಯುವುದು. ವಿಡಿಯೋ ಮಾಡುತ್ತ ಪಕ್ಕದಲ್ಲಿ ನಿಂತು ಇದನ್ನು ಕೇಳಿಸಿಕೊಂಡವನಿಗೆ ಮುಂದಿನ ಸುಗ್ಗಿಯೊಳಗೆ ಅದೇ ಕುದುರೆಯ ಮೇಲೆ ಒಂದು ರೌಂಡ್ ಪ್ರಾಪ್ತವಾಗುವುದು.